ಸೊರೊರಿಟಿ ರಷ್‌ನಲ್ಲಿ ಆಯ್ಕೆಯಾಗುವುದು ಹುಡುಗಿಯೋ, ಹಣೆಪಟ್ಟಿಯೋ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವು ಅಟ್ಲಾಂಟಾದ ಹೊರವಲಯದಲ್ಲಿ ನೆಲೆಸಿರುವವರು. ಮಗಳು ಬರುವ ಆಗಸ್ಟ್‌ನಲ್ಲಿ ದಕ್ಷಿಣದ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರುತ್ತಿದ್ದಾಳೆ, ಮತ್ತು ತರಗತಿಗಳು ಆರಂಭವಾಗುವ ಮೊದಲೇ ನಡೆಯುವ ಸೊರೊರಿಟಿ ರಷ್‌ಗೆ ಹೆಸರು ಕೊಟ್ಟಿದ್ದಾಳೆ. ಸೊರೊರಿಟಿ ಎಂದರೆ ಕಾಲೇಜು ಹುಡುಗಿಯರ ಸದಸ್ಯತ್ವದ ಸಂಘ, ಅದನ್ನು ‘ಮನೆ’ ಎಂದೂ ಕರೆಯುತ್ತಾರೆ; ಹೊಸಬರನ್ನು ಆರಿಸಿಕೊಳ್ಳುವ ಅದರ ಸುತ್ತುಗಳೇ ರಷ್. ನಾನು ಶಿವಮೊಗ್ಗದಲ್ಲಿ ಓದುವಾಗ ಹಾಸ್ಟೆಲ್ ಎಂದರೆ ವಾರ್ಡನ್ ಕೊಟ್ಟ ಕೋಣೆ, ಆ ಕೋಣೆಗೆ ಬಂದವಳೇ ಗೆಳತಿ. ಹಾಗಾಗಿ ಒಂದು ಮನೆಯ ಹುಡುಗಿಯರು ಒಟ್ಟಾಗಿ ಕುಳಿತು ಹೊಸಬರಲ್ಲಿ ಯಾರು ಬೇಕು, ಯಾರು ಬೇಡ ಎಂದು ತೀರ್ಮಾನಿಸುವ ಈ ಪದ್ಧತಿ ನನಗೆ ಪೂರ್ತಿ ಹೊಸದು.

ಆದರೆ ಪದ್ಧತಿಗಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿರುವುದು ಮಗಳ ಕೈಯಲ್ಲಿ ಈಗಾಗಲೇ ಇರುವ ಪಟ್ಟಿ. ಆ ಕ್ಯಾಂಪಸ್ಸಿನ ಪ್ರತಿಯೊಂದು ಮನೆಗೂ ಅದರಲ್ಲಿ ಒಂದು ಹಣೆಪಟ್ಟಿ ಅಂಟಿದೆ: ಇದು ಹಣವಂತರದು, ಇದು ಹೊಂಬಣ್ಣದ ಕೂದಲಿನ ಚೆಲುವೆಯರದು, ಇದು ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರದು, ಇದು ಪಾರ್ಟಿಯವರದು, ಇದು ಬೇರೆಲ್ಲೂ ಜಾಗ ಸಿಗದವರು ಸೇರುವುದು. ಇವೆಲ್ಲ ಸಾಲದು ಎಂಬಂತೆ ‘ಟಾಪ್ ಟಿಯರ್’, ‘ಮಿಡ್’, ‘ಬಾಟಮ್’ ಎಂಬ ಮೂರು ದರ್ಜೆಗಳು ಬೇರೆ. ಆ ಮನೆಗಳಲ್ಲಿ ಒಂದರ ಹೊಸ್ತಿಲನ್ನೂ ಅವಳು ತುಳಿದಿಲ್ಲ. ಹೆಸರು ಹಾಕದವರು ಬರೆಯುವ ರ‍್ಯಾಂಕಿಂಗ್ ಪುಟಗಳಿಂದಲೂ ಟಿಕ್‌ಟಾಕ್‌ನಿಂದಲೂ ಇದೆಲ್ಲ ಅವಳಿಗೆ ಬಂದಿದೆ. ಈ ಹಣೆಪಟ್ಟಿಗಳು ಆಯ್ಕೆಯ ಮೇಲೆ ನಿಜವಾಗಿ ಎಷ್ಟು ಪರಿಣಾಮ ಬೀರುತ್ತವೆ? ಒಳಗಿನಿಂದ ಕಂಡವರು ದಯವಿಟ್ಟು ತಿಳಿಸಬೇಕು.

ಓಹಾಯೊ ಕನ್ನಡತಿ

ತುಂಗಾತೀರ ಅವರೇ, ನಾನು ಮಿಡ್‌ವೆಸ್ಟ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಇಂಥದೊಂದು ಚಾಪ್ಟರಿನ, ಅಂದರೆ ರಾಷ್ಟ್ರೀಯ ಸೊರೊರಿಟಿಯ ಸ್ಥಳೀಯ ಶಾಖೆಯ, ಸದಸ್ಯೆಯಾಗಿದ್ದೆ. ಮೇಜಿನ ಎರಡೂ ಬದಿಗಳಲ್ಲಿ ಕುಳಿತವಳು. ನಿಮ್ಮ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲ ಸುತ್ತು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಬೇಕು.

ಬಾಗಿಲು ತೆರೆದ ಕೂಡಲೇ ಮನೆಯವರೆಲ್ಲ ಚೌಕಟ್ಟಿನೊಳಗೆ ಒತ್ತೊತ್ತಾಗಿ ನಿಂತು ಹಾಡು ಕೂಗುತ್ತ ಚಪ್ಪಾಳೆ ತಟ್ಟುತ್ತಾರೆ. ಹೊರಗೆ ಬಿಸಿಲಿನಲ್ಲಿ ಸಾಲಾಗಿ ನಿಂತ ಹುಡುಗಿಯರನ್ನು ಒಬ್ಬೊಬ್ಬರಾಗಿ ಕೈಹಿಡಿದು ಒಳಗೆ ಕರೆದೊಯ್ಯುತ್ತಾರೆ. ಊರು ಯಾವುದು, ಏನು ಓದುತ್ತೀಯ, ಬೇಸಿಗೆಯಲ್ಲಿ ಏನು ಮಾಡಿದೆ ಎಂದು ಕೇಳುವಷ್ಟರಲ್ಲಿ ಮತ್ತೊಬ್ಬಳು ಬಂದು ನಮ್ಮ ಬೆನ್ನನ್ನು ಮೆಲ್ಲಗೆ ತಟ್ಟುತ್ತಾಳೆ. ಆಗ ಅವರಿಬ್ಬರನ್ನೂ ಪರಿಚಯ ಮಾಡಿಸಿ ನಾವು ಹಿಂದೆ ಸರಿಯಬೇಕು. ಇದಕ್ಕೆ ‘ಬಂಪ್’ ಎನ್ನುತ್ತಾರೆ. ಹೀಗೆ ಸರಿದವರು ಹಿಂದಿನ ಕೋಣೆಗೆ ಹೋಗಿ, ಮಾತನಾಡಿದ ಹುಡುಗಿಯ ಹೆಸರಿನ ಮುಂದೆ ಅಂಕ ಒತ್ತಿ, ಒಂದು ಸಾಲಿನ ಟಿಪ್ಪಣಿ ಬರೆದು, ಲಿಪ್‌ಸ್ಟಿಕ್ ಸರಿಮಾಡಿಕೊಂಡು ಮುಂದಿನ ಗುಂಪಿಗೆ ಓಡಬೇಕು. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ಸಂಜೆ ಹೊತ್ತಿಗೆ ಯಾವ ಮುಖ ಯಾವ ಹೆಸರಿನದು ಎಂಬುದೇ ಕಲಸಿಹೋಗಿರುತ್ತದೆ.

ಅಷ್ಟು ಕಡಿಮೆ ಸಮಯದಲ್ಲಿ ಯಾರನ್ನಾದರೂ ಅರಿಯಲು ಸಾಧ್ಯವೇ? ಸಾಧ್ಯವಿಲ್ಲ. ಆ ಖಾಲಿ ಜಾಗವನ್ನು ತುಂಬುವುದೇ ಹಣೆಪಟ್ಟಿ. ರಾತ್ರಿಯ ಮತದಾನದ ಹೊತ್ತಿಗೆ ನೆನಪಿನಲ್ಲಿ ಉಳಿಯುತ್ತಿದ್ದವರು ಮೊದಲೇ ಗೊತ್ತಿದ್ದವರು: ಯಾರದೋ ಶಾಲೆಯ ಕಿರಿಯಳು, ಯಾರದೋ ತಂಗಿ, ಬೇಸಿಗೆಯಲ್ಲೇ ಇನ್‌ಸ್ಟಾಗ್ರಾಂನಲ್ಲಿ ಎಲ್ಲರೂ ನೋಡಿಟ್ಟಿದ್ದ ಹುಡುಗಿ. ಉಳಿದವರ ಮುಂದೆ ‘ಸ್ವೀಟ್’ ಎಂದು ಬರೆದಿರುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕಿಂತ ಕೆಟ್ಟ ಟಿಪ್ಪಣಿ ಇರಲಿಲ್ಲ, ಏಕೆಂದರೆ ಅದರ ಅರ್ಥ ಹೇಳಲು ಏನೂ ಇಲ್ಲ ಎಂಬುದು. ಭಾರತೀಯ ಮೂಲದ ಹುಡುಗಿ ಬಂದರೆ ನಮ್ಮವರಲ್ಲಿ ಅರ್ಧದಷ್ಟು ಜನ ‘ಪ್ರೀ-ಮೆಡ್ (ವೈದ್ಯಕೀಯಕ್ಕೆ ತಯಾರಿಯ ಓದು) ಅಲ್ಲವೇ’ ಎಂದು ಕೇಳುತ್ತಿದ್ದರು; ಅವಳು ಹೌದೆಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಅಲ್ಲವೆಂದರೆ ಮುಂದೇನು ಕೇಳಬೇಕೆಂದು ಅವರಿಗೆ ತೋಚುತ್ತಿರಲಿಲ್ಲ. ನನ್ನನ್ನೂ ಹಾಗೆಯೇ ಕೇಳಿದ್ದರು. ನಾನು ಓದುತ್ತಿದ್ದದ್ದು ಭೂಗೋಳ.

ಹಣೆಪಟ್ಟಿ ಮನೆಗಳಿಗೂ ಅಂಟುತ್ತದೆ. ನಮ್ಮದು ‘ಒಳ್ಳೆಯ ಹುಡುಗಿಯರ ಮನೆ’ ಎಂದು ಹೆಸರಾಗಿತ್ತು. ಕೇಳಲು ಹೊಗಳಿಕೆಯಂತೆ ಕಂಡರೂ ಅಲ್ಲಿನವರಿಗೆ ಅದರ ಒಳಾರ್ಥ ಗೊತ್ತು: ಅಲ್ಲಿ ಚೆಂದದವರು ಇಲ್ಲ. ಆ ಮಾತು ಕೇಳಿ ಬಂದ ಹುಡುಗಿಯರು ನಮ್ಮ ಸೋಫಾದ ಮೇಲೆ ಕುಳಿತು ನಗುತ್ತ ಮಾತನಾಡುತ್ತಿದ್ದರೂ ಅವರ ಕಣ್ಣು ಕಿಟಕಿಯಾಚೆಯ ಎದುರು ಮನೆಯ ಮೇಲಿರುತ್ತಿತ್ತು.

ಲೆಕ್ಕಿಗ

ಮೇಲಿನ ಅನುಭವಕ್ಕೆ ಲೆಕ್ಕದ ಮುಖವೂ ಒಂದಿದೆ. ಅದನ್ನು ತಿಳಿಯದೆ ಹೋದ ಹುಡುಗಿಯರು ಮೊದಲ ದಿನವೇ ಕಂಗೆಡುತ್ತಾರಾದ್ದರಿಂದ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಈ ಮನೆಗಳ ಒಕ್ಕೂಟ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್. 1902ರಲ್ಲಿ ಆರಂಭವಾದ ಇದರಲ್ಲಿ ಇಂದು 26 ರಾಷ್ಟ್ರೀಯ ಸೊರೊರಿಟಿಗಳಿವೆ. ಹೊಸ ಸದಸ್ಯೆಯರನ್ನು ಸೆಳೆಯಲು ಮನೆಮನೆಗಳ ನಡುವೆ ನಡೆಯುತ್ತಿದ್ದ ಕಿತ್ತಾಟಕ್ಕೆ ಕಡಿವಾಣ ಹಾಕುವುದು ಅದರ ಮೊದಲ ಉದ್ದೇಶಗಳಲ್ಲಿ ಒಂದಾಗಿತ್ತು. ಈಗ ಹೆಚ್ಚಿನ ದೊಡ್ಡ ಕ್ಯಾಂಪಸ್‌ಗಳಲ್ಲಿ ‘ರಿಲೀಸ್ ಫಿಗರ್ಸ್ ಮೆಥಡ್’ ಎಂಬ ಕ್ರಮ ನಡೆಯುತ್ತಿದೆ. ಪ್ರತಿ ಸುತ್ತಿನ ನಂತರ ಒಂದು ಮನೆ ಎಷ್ಟು ಜನರನ್ನು ಮತ್ತೆ ಕರೆಯಬಹುದು ಎಂಬುದನ್ನು, ಅದು ಕರೆದಾಗ ಹಿಂದಿನ ವರ್ಷಗಳಲ್ಲಿ ಎಷ್ಟು ಜನ ಮರಳಿ ಬಂದರು ಎಂಬ ಅಂಕಿಯ ಆಧಾರದ ಮೇಲೆ ನಿಗದಿ ಮಾಡಲಾಗುತ್ತದೆ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಎರಡು ಮನೆಗಳಿಗೂ ಕೊನೆಯಲ್ಲಿ ತಲಾ 100 ಹೊಸ ಸದಸ್ಯೆಯರು ಬೇಕು ಎಂದುಕೊಳ್ಳೋಣ. ಮೊದಲ ಮನೆ 100 ಜನರನ್ನು ಕರೆದರೆ 90 ಜನ ಮರಳಿ ಬರುತ್ತಾರೆ, ಎರಡನೆಯದಕ್ಕೆ 30 ಜನ ಮಾತ್ರ. ಎರಡೂ ಮನೆಗಳಿಗೆ ಒಂದೇ ಸಂಖ್ಯೆಯ ಕರೆಗಳನ್ನು ಕೊಟ್ಟರೆ ಮೊದಲನೆಯದರಲ್ಲಿ ಹುಡುಗಿಯರು ಕೊನೆಯ ಸುತ್ತಿನವರೆಗೂ ಆಸೆಯಿಂದ ನಿಂತು ಆಮೇಲೆ ಬರಿಗೈಯಲ್ಲಿ ಹೋಗುತ್ತಾರೆ, ಎರಡನೆಯದು ಅರ್ಧ ಖಾಲಿ ಉಳಿಯುತ್ತದೆ. ಆದ್ದರಿಂದ ಜನಪ್ರಿಯ ಮನೆ ಮೊದಲ ಸುತ್ತಿನಲ್ಲೇ ಬಹಳ ಜನರನ್ನು ಬಿಡಬೇಕು. ಕಡಿಮೆ ಬೇಡಿಕೆಯ ಮನೆ ಹೆಚ್ಚು ಜನರನ್ನು ಕರೆಯಬಹುದು. ಈ ಕ್ರಮದಿಂದ ಬಿಡ್ (ಮನೆಯೊಂದು ಕೊನೆಗೆ ಕೊಡುವ ಸದಸ್ಯತ್ವದ ಆಹ್ವಾನ) ಸಿಗುವವರ ಸಂಖ್ಯೆ ಹೆಚ್ಚುತ್ತದೆ ಎಂಬುದು ಅದರ ಪರವಾದ ವಾದ, ಮತ್ತು ಅದು ತಕ್ಕಮಟ್ಟಿಗೆ ನಿಜ.

ಆದರೆ ಇದರ ಅಡ್ಡಪರಿಣಾಮ ಗಮನಿಸಿ. ಎರಡನೆಯ ದಿನ ಬೆಳಿಗ್ಗೆ ಫೋನಿನಲ್ಲಿ ಬರುವ ವೇಳಾಪಟ್ಟಿಯಲ್ಲಿ ಪ್ರಸಿದ್ಧ ಮನೆಗಳ ಹೆಸರುಗಳೆಲ್ಲ ಒಟ್ಟಿಗೇ ಮಾಯವಾಗಿರುತ್ತವೆ. ತನ್ನಲ್ಲೇ ಏನೋ ದೋಷವಿದೆ ಎಂದು ಹುಡುಗಿ ತಿಳಿಯುತ್ತಾಳೆ. ವಾಸ್ತವದಲ್ಲಿ ಆ ಮನೆಗಳಿಗೆ ಅಷ್ಟು ಜನರನ್ನು ಬಿಡಲೇಬೇಕಾದ ಕಟ್ಟಳೆ ಇತ್ತು. ಇನ್ನೊಂದು ಕಡೆ, ಎಲ್ಲರನ್ನೂ ಕರೆದ ಮನೆಯನ್ನು ‘ಎಲ್ಲರನ್ನೂ ಕರೆಯುವವರು’ ಎಂದು ಅದೇ ಹುಡುಗಿಯರು ಹೀಗಳೆಯುತ್ತಾರೆ. ಹಾಗಾಗಿ ಕಳೆದ ವರ್ಷದ ಜನಪ್ರಿಯತೆ ಈ ವರ್ಷದ ಕರೆಗಳ ಸಂಖ್ಯೆಯಾಗುತ್ತದೆ, ಆ ಸಂಖ್ಯೆ ಮತ್ತೆ ಜನಪ್ರಿಯತೆಯ ಪುರಾವೆಯಾಗುತ್ತದೆ.

ಮೈಸೂರು ಮೇಷ್ಟ್ರು

ನಾನು ಅಮೆರಿಕವನ್ನು ನೋಡಿದವನಲ್ಲ, ಮೊಮ್ಮಗಳೊಬ್ಬಳು ಟೆಕ್ಸಸ್‌ನಲ್ಲಿ ಓದುತ್ತಿರುವುದರಿಂದ ಈ ಚರ್ಚೆಯನ್ನು ಓದುತ್ತಿದ್ದೇನೆ. ಅಂದವಾಗಿ ಉಡುವುದು, ತಲೆಯಲ್ಲಾಡಿಸುತ್ತ ನಗುವುದು, ಎದುರಿನವರು ಮೂರು ಪ್ರಶ್ನೆ ಕೇಳುವುದು, ಆಮೇಲೆ ಒಳಕೋಣೆಯಲ್ಲಿ ಅವರವರೇ ಮಾತಾಡಿಕೊಳ್ಳುವುದು, ಕೊನೆಗೆ ‘ತಿಳಿಸುತ್ತೇವೆ’ ಎನ್ನುವುದು: ಇದು ನಮ್ಮ ಹೆಣ್ಣು ನೋಡುವ ಶಾಸ್ತ್ರವಲ್ಲದೆ ಮತ್ತೇನು? ಉಪ್ಪಿಟ್ಟು, ಕೇಸರಿಬಾತು ಒಂದಿಲ್ಲ. ಅದನ್ನು ನಾವು ಹಿಂದುಳಿದ ಪದ್ಧತಿ ಎಂದು ಬಿಡುತ್ತ ಬಂದಿರುವಾಗ ಮಕ್ಕಳು ದುಡ್ಡು ಕೊಟ್ಟು ಅದಕ್ಕೆ ಹೆಸರು ನೋಂದಾಯಿಸುವುದು ನನಗೆ ಅರ್ಥವಾಗದು.

ಓಹಾಯೊ ಕನ್ನಡತಿ

ಮೇಷ್ಟ್ರೇ, ಹೋಲಿಕೆ ಸೊಗಸಾಗಿದೆ, ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಇಲ್ಲಿ ನೋಡುವವರನ್ನೂ ಅದೇ ಹೊತ್ತಿನಲ್ಲಿ ನೋಡಲಾಗುತ್ತಿರುತ್ತದೆ. ಪ್ರತಿ ಸುತ್ತಿನ ನಂತರ ಹುಡುಗಿಯರೂ ಮನೆಗಳಿಗೆ ಕ್ರಮಾಂಕ ಕೊಡುತ್ತಾರೆ, ಮತ್ತು ಆ ಕ್ರಮಾಂಕಗಳ ಭಯ ಸದಸ್ಯೆಯರಿಗೆ ಎಷ್ಟಿರುತ್ತದೆಂದರೆ ನಮ್ಮಲ್ಲಿ ಆಗಸ್ಟ್‌ನ ಹತ್ತು ದಿನ ಯಾರೂ ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಸಂಖ್ಯೆ ಕುಸಿದರೆ ಮನೆಯ ಬಾಡಿಗೆ, ಅಡುಗೆಯವರ ಸಂಬಳ, ಸಾಲದ ಕಂತು ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಕುಸಿಯುತ್ತಲೇ ಹೋದರೆ ಚಾಪ್ಟರೇ ಮುಚ್ಚುತ್ತದೆ. ಆದ್ದರಿಂದ ‘ನಮಗೆ ಎಂಥವರು ಬೇಕು’ ಎಂಬ ಪ್ರಶ್ನೆ ಬಹಳ ಬೇಗ ‘ಎಂಥವರು ನಮ್ಮ ಕಡೆ ಇದ್ದರೆ ಉಳಿದವರು ಬರುತ್ತಾರೆ’ ಎಂಬುದಾಗಿ ಬದಲಾಗುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಯಾವಾಗಲೂ ಚೆಲುವು, ಹಣ, ಹೆಸರು.

ದರ್ಜೆಗಳು ಎಲ್ಲಿಂದ ಬಂದವು ಎಂಬುದನ್ನೂ ಹೇಳಬೇಕು, ಏಕೆಂದರೆ ಇದನ್ನು ತಾಯಂದಿರಿಗೆ ಯಾರೂ ಹೇಳುವುದಿಲ್ಲ. ಸೊರೊರಿಟಿ ಮನೆಗಳಲ್ಲಿ ಸಾಮಾನ್ಯವಾಗಿ ಮದ್ಯಕ್ಕೆ ಅವಕಾಶವಿಲ್ಲ. ಹೀಗಾಗಿ ಪಾರ್ಟಿಗಳು ನಡೆಯುವುದು ಹುಡುಗರ ಫ್ರಾಟರ್ನಿಟಿ ಮನೆಗಳಲ್ಲಿ. ಯಾರನ್ನು ಕರೆಯಬೇಕು, ಹೋಮ್‌ಕಮಿಂಗ್ ಉತ್ಸವಕ್ಕೆ ಯಾವ ಮನೆಯೊಂದಿಗೆ ಜೋಡಿಯಾಗಬೇಕು ಎಂಬುದರಲ್ಲಿ ಅವರ ಮಾತಿಗೇ ತೂಕ. ಹೆಸರಾದ ಫ್ರಾಟರ್ನಿಟಿ ಕರೆದ ಮನೆ ಟಾಪ್ ಟಿಯರ್, ಕರೆಯದ ಮನೆ ಬಾಟಮ್. ಹೆಂಗಸರೇ ಕಟ್ಟಿ, ಹೆಂಗಸರೇ ನಡೆಸಿ, ಹೆಂಗಸರ ಸೋದರಿತನದ ಹೆಸರಿನಲ್ಲಿ ಪ್ರಮಾಣ ಮಾಡುವ ಸಂಸ್ಥೆಗಳ ದರ್ಜೆಯನ್ನು ಹತ್ತೊಂಬತ್ತು ವರ್ಷದ ಹುಡುಗರ ಪಾರ್ಟಿ ಪಟ್ಟಿ ನಿಗದಿ ಮಾಡುತ್ತದೆ. ಸದಸ್ಯೆಯಾಗಿದ್ದ ಮೂರು ವರ್ಷ ನಾನು ಇದನ್ನು ಕಂಡೂ ಕಾಣದಂತಿದ್ದೆ, ನಮ್ಮೆಲ್ಲರಂತೆ.

ಪುಸ್ತಕದ ಕಪಾಟು

ಇಂಡಿಯಾನಾದ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುವವನು ನಾನು. ಹಣೆಪಟ್ಟಿ ಒಂದು ಮನೆಯನ್ನು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಇದೇ ರಾಜ್ಯದ ಗ್ರೀನ್‌ಕ್ಯಾಸಲ್ ಪಟ್ಟಣದಲ್ಲಿರುವ ಡಿಪಾವ್ ವಿಶ್ವವಿದ್ಯಾಲಯದ ಘಟನೆಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಂಡಿಲ್ಲ.

ಅಲ್ಲಿನ ಮನಃಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಪ್ರಶ್ನಿಸಿ, ಒಂದೊಂದು ಸೊರೊರಿಟಿಯ ಬಗ್ಗೆ ಅವರ ಮನಸ್ಸಿನಲ್ಲಿರುವ ಚಿತ್ರವೇನು ಎಂದು ಕೇಳಿದ್ದರು. ಒಂದು ಮನೆಯವರು ಅಪ್ಪನ ಮುದ್ದಿನ ರಾಜಕುಮಾರಿಯರು, ಇನ್ನೊಂದರವರು ವಿಚಿತ್ರ ಹಿಪ್ಪಿಗಳು, ಡೆಲ್ಟಾ ಜೀಟಾದವರು ಜನರೊಂದಿಗೆ ಬೆರೆಯಲು ಬಾರದವರು ಎಂಬಂಥ ಉತ್ತರಗಳು ಬಂದವು. ಡೆಲ್ಟಾ ಜೀಟಾದ ಆ ಚಾಪ್ಟರಿನಲ್ಲಿ ಸದಸ್ಯೆಯರ ಸಂಖ್ಯೆ ಇಳಿಯುತ್ತಿತ್ತು. 2006ರ ನವೆಂಬರ್‌ನಲ್ಲಿ ರಾಷ್ಟ್ರೀಯ ಕಚೇರಿಯ ಪ್ರತಿನಿಧಿಗಳು ಬಂದು ಹೊಸಬರನ್ನು ಸ್ವಾಗತಿಸುವ ಒಂದು ಕಾರ್ಯಕ್ರಮವನ್ನು ತಾವೇ ನಡೆಸಿದರು. ಆ ಮನೆಯ ಹೆಚ್ಚಿನ ಸದಸ್ಯೆಯರಿಗೆ ಮಹಡಿಯ ಮೇಲಿನ ತಮ್ಮ ಕೋಣೆಗಳಲ್ಲೇ ಇರಬೇಕೆಂದು ಸೂಚಿಸಿ, ಕೆಳಗೆ ನಿಂತು ಅತಿಥಿಗಳನ್ನು ಎದುರುಗೊಳ್ಳಲು ಇಂಡಿಯಾನಾ ವಿಶ್ವವಿದ್ಯಾಲಯದ ಚಾಪ್ಟರಿನಿಂದ ತೆಳ್ಳಗಿನ ಕೆಲವು ಹುಡುಗಿಯರನ್ನು ಕರೆಸಿದರು. ಸ್ವಂತ ಮನೆಯಲ್ಲಿ, ಸ್ವಂತ ಅತಿಥಿಗಳು ಬಂದಾಗ, ಕಾಣಿಸಿಕೊಳ್ಳಬೇಡಿ ಎಂದು ಹೇಳಿಸಿಕೊಂಡ ಆ ಹುಡುಗಿಯರು ಮೇಲೆ ಕುಳಿತು ಕೆಳಗಿನ ನಗು, ಹಾಡು ಎಲ್ಲವನ್ನೂ ಕೇಳಿಸಿಕೊಂಡಿರಬೇಕು.

ಡಿಸೆಂಬರ್‌ನಲ್ಲಿ 35 ಸದಸ್ಯೆಯರ ಪೈಕಿ 23 ಜನರಿಗೆ ಮನೆ ಬಿಡಬೇಕೆಂಬ ಪತ್ರ ಬಂತು. ದಪ್ಪಗಿದ್ದವರೆಲ್ಲ ಆ 23ರಲ್ಲಿದ್ದರು; ಆ ಮನೆಯಲ್ಲಿದ್ದ ಒಬ್ಬಳೇ ಕಪ್ಪು ಹುಡುಗಿ, ಒಬ್ಬಳೇ ಕೊರಿಯನ್ ಹುಡುಗಿ, ಒಬ್ಬಳೇ ವಿಯೆಟ್ನಾಮಿ ಹುಡುಗಿ ಕೂಡ ಅದರಲ್ಲೇ ಇದ್ದರು. ಉಳಿಸಿಕೊಂಡ 12 ಜನರಲ್ಲಿ ಆರು ಜನ ಸಿಟ್ಟಿನಿಂದ ತಾವೇ ಹೊರನಡೆದರು. ರೂಪ ಇದಕ್ಕೆ ಕಾರಣವಲ್ಲ, ಹೊಸಬರನ್ನು ಸೇರಿಸುವ ಕೆಲಸದಲ್ಲಿ ನಿಷ್ಠೆ ಸಾಲದೆಂಬುದೇ ಕಾರಣ ಎಂದು ರಾಷ್ಟ್ರೀಯ ಸಂಸ್ಥೆ ಹೇಳಿತು. 2007ರ ಫೆಬ್ರವರಿಯಲ್ಲಿ ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದು ದೇಶವೆಲ್ಲ ಮಾತಾಯಿತು. ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರು ಆ ಸೊರೊರಿಟಿಯೊಂದಿಗಿನ ಸಂಬಂಧವನ್ನೇ ಕಡಿದುಹಾಕಿದರು.

ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ರಾಷ್ಟ್ರೀಯ ಕಚೇರಿಯ ಕ್ರೌರ್ಯಕ್ಕಿಂತ ಅದರ ತರ್ಕ. ಕ್ಯಾಂಪಸ್ಸಿನ ಹುಡುಗರು, ಹುಡುಗಿಯರು ಸುಮ್ಮನೆ ಅಂಟಿಸಿದ ಹಣೆಪಟ್ಟಿಯನ್ನು ಆ ಕಚೇರಿ ಮಾರುಕಟ್ಟೆಯ ವರದಿಯಂತೆ ಓದಿಕೊಂಡಿತು. ವಿಜ್ಞಾನ, ಗಣಿತ ಓದುತ್ತ ತಮ್ಮ ಪಾಡಿಗೆ ತಾವು ಸುಖವಾಗಿದ್ದ ಹುಡುಗಿಯರು ಅದರ ಕಣ್ಣಿಗೆ ಮಾರಾಟವಾಗದ ಸರಕಾಗಿ ಕಂಡರು.

ಹೇಮಾವತಿ

ನಾನು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹದಿನೈದು ವರ್ಷಗಳಿಗೂ ಹೆಚ್ಚು ಕಾಲದಿಂದ ಇದ್ದೇನೆ. ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿರುವ ಟಸ್ಕಲೂಸಾದ ಅಲಬಾಮಾ ವಿಶ್ವವಿದ್ಯಾಲಯದ ರಷ್ ಬಗ್ಗೆ ಹೇಳದೆ ಈ ಚರ್ಚೆ ಪೂರ್ಣವಾಗದು. ಅಲ್ಲಿ ಪ್ರತಿ ಆಗಸ್ಟ್‌ನಲ್ಲಿ 2,000ಕ್ಕೂ ಹೆಚ್ಚು ಹುಡುಗಿಯರು ರಷ್‌ಗೆ ಬರುತ್ತಾರೆ. ಕೊನೆಯ ದಿನ ಬ್ರಯಂಟ್-ಡೆನ್ನಿ ಕ್ರೀಡಾಂಗಣದಲ್ಲಿ ಕುಳಿತು ಲಕೋಟೆ ಒಡೆದು, ತಮ್ಮನ್ನು ಆರಿಸಿದ ಮನೆಗೆ ಓಡುತ್ತಾರೆ. 2021ರಲ್ಲಿ ಅವರು ದಿನದ ಉಡುಪು, ಬಳೆ, ಪಾದರಕ್ಷೆ ಎಲ್ಲಿಂದ ಕೊಂಡದ್ದೆಂದು ಒಂದೊಂದಾಗಿ ತೋರಿಸಿದ ಟಿಕ್‌ಟಾಕ್ ವಿಡಿಯೊಗಳು ‘ಬಾಮಾ ರಷ್’ ಎಂಬ ಹೆಸರಿನಲ್ಲಿ ದೇಶಾದ್ಯಂತ ಹರಡಿದವು. ಅಂದಿನಿಂದ ಹೊರರಾಜ್ಯಗಳ ಹುಡುಗಿಯರೂ ಅದೇ ಉಡುಪು, ಅದೇ ನಗು ಕಲಿತು ಬರುತ್ತಾರೆ. ಸಾವಿರಾರು ಡಾಲರ್ ತೆಗೆದುಕೊಂಡು ರಷ್‌ಗೆ ತಯಾರಿ ಕೊಡುವ ಸಲಹೆಗಾರ್ತಿಯರೂ ಹುಟ್ಟಿಕೊಂಡಿದ್ದಾರೆ.

ಆದರೆ ನಾನು ಹೇಳಬೇಕೆಂದಿರುವುದು ಅದಕ್ಕಿಂತ ಹಿಂದಿನದು. 1963ರ ಜೂನ್ 11ರಂದು ರಾಜ್ಯಪಾಲ ಜಾರ್ಜ್ ವಾಲೆಸ್ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಬಾಗಿಲಲ್ಲಿ ನಿಂತದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಅದಾದ ಐವತ್ತು ವರ್ಷಗಳ ಮೇಲೆ, 2013ರ ಸೆಪ್ಟೆಂಬರ್‌ನಲ್ಲಿ, ವಿದ್ಯಾರ್ಥಿಗಳೇ ನಡೆಸುವ ‘ಕ್ರಿಮ್ಸನ್ ವೈಟ್’ ಪತ್ರಿಕೆ ಒಂದು ವರದಿ ಪ್ರಕಟಿಸಿತು. ಅತ್ಯುತ್ತಮ ಅಂಕಗಳಿದ್ದ, ಹೆಸರಾಂತ ಕುಟುಂಬದ ಕಪ್ಪು ಹುಡುಗಿಯೊಬ್ಬಳನ್ನು ಸೇರಿಸಿಕೊಳ್ಳಲು ಸದಸ್ಯೆಯರು ಬಯಸಿದರೂ ಹಳೆಯ ಸದಸ್ಯೆಯರು ಅಡ್ಡಬಂದರು ಎಂದು ಒಳಗಿನ ಹುಡುಗಿಯರೇ ಅದರಲ್ಲಿ ಹೇಳಿದ್ದರು. ವಿದ್ಯಾರ್ಥಿಗಳು, ಅಧ್ಯಾಪಕರು ಮೆರವಣಿಗೆ ಹೊರಟರು. ಅಂದಿನ ಅಧ್ಯಕ್ಷೆ ಜೂಡಿ ಬಾನರ್ ಅವರು ಬಿಡ್ ಕೊಡುವ ಅವಧಿಯನ್ನು ಮತ್ತೆ ತೆರೆಯಿಸಿದರು, ಮತ್ತು ಕೆಲವು ಕಪ್ಪು ವಿದ್ಯಾರ್ಥಿನಿಯರಿಗೆ ಆಗ ಬಿಡ್ ಸಿಕ್ಕಿತು.

ಜನಪ್ರಿಯತೆ ಎಂದು ನಾವು ಸುಮ್ಮನೆ ಕರೆಯುವುದರ ಹಿಂದೆ ತಲೆಮಾರುಗಳ ಜಾಲವಿದೆ ಎಂಬುದಕ್ಕೆ ಇದನ್ನು ಬರೆದೆ. ಅಮ್ಮ, ಅಜ್ಜಿ ಅದೇ ಮನೆಯ ಸದಸ್ಯೆಯರಾಗಿದ್ದರೆ ‘ಲೆಗಸಿ’. ಊರಿನ ಹಳೆಯ ಸದಸ್ಯೆಯರು ಬರೆಯುವ ಶಿಫಾರಸು ಪತ್ರ ಬೇರೆ. 2020ರ ನಂತರ ಹಲವು ಸೊರೊರಿಟಿಗಳು ಲೆಗಸಿಗೆ ಕೊಡುತ್ತಿದ್ದ ಆದ್ಯತೆಯನ್ನು ಕೈಬಿಟ್ಟಿವೆ. ಪತ್ರದ ಆಚಾರ ಮಾತ್ರ ದಕ್ಷಿಣದಲ್ಲಿ ಪೂರ್ತಿ ಹೋಗಿಲ್ಲ. ನಮ್ಮ ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ ಕಳೆದ ಬೇಸಿಗೆಯಲ್ಲಿ ಇಬ್ಬರು ತಾಯಂದಿರು, ‘ಇಂಥ ಸೊರೊರಿಟಿಯ ಹಳೆಯ ಸದಸ್ಯೆ ಯಾರಿಗಾದರೂ ಪರಿಚಯವೇ’ ಎಂದು ಕೇಳಿದ್ದರು. ಬಾಡಿಗೆ ಮನೆಯ ವಿಚಾರ, ಪುರೋಹಿತರ ನಂಬರ್ ಎಲ್ಲಕ್ಕೂ ಕ್ಷಣದಲ್ಲಿ ಉತ್ತರ ಬರುವ ಆ ಗುಂಪಿನಲ್ಲಿ ಅದಕ್ಕೆ ಒಂದೂ ಉತ್ತರ ಬರಲಿಲ್ಲ.

ಹೂಸ್ಟನ್ ಹುಡುಗಿ

ಎಲ್ಲರೂ ಪ್ಯಾನ್‌ಹೆಲೆನಿಕ್ ಮನೆಗಳನ್ನೇ ಸೊರೊರಿಟಿ ಎಂದು ಭಾವಿಸಿ ಮಾತನಾಡುತ್ತಿರುವುದರಿಂದ ಇದನ್ನು ಸೇರಿಸುತ್ತೇನೆ. ಆ ಬಾಗಿಲುಗಳು ಮುಚ್ಚಿದ್ದಾಗ ಕಪ್ಪು ವಿದ್ಯಾರ್ಥಿನಿಯರು ತಮ್ಮದೇ ಸಂಸ್ಥೆಗಳನ್ನು ಕಟ್ಟಿಕೊಂಡರು. ಆಲ್ಫಾ ಕಪ್ಪಾ ಆಲ್ಫಾ 1908ರಲ್ಲಿ, ಡೆಲ್ಟಾ ಸಿಗ್ಮಾ ಥೀಟಾ 1913ರಲ್ಲಿ, ಎರಡೂ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದವು. ತಾಯಿಯ ಕಡೆಯಿಂದ ತಮಿಳು ಮೂಲದ ಕಮಲಾ ಹ್ಯಾರಿಸ್ ಮೊದಲನೆಯದರ ಸದಸ್ಯೆ. ಅಲ್ಲಿ ಆಗಸ್ಟ್‌ನ ರಷ್ ಇಲ್ಲ, ಬಾಗಿಲ ಹಾಡಿಲ್ಲ. ಸೇರ್ಪಡೆಯ ಕ್ರಮವೇ ಬೇರೆ, ಮತ್ತು ಸದಸ್ಯತ್ವ ಪದವಿಯೊಂದಿಗೆ ಮುಗಿಯದೆ ಜೀವನಪೂರ್ತಿ ಕೆಲಸ ಮಾಡಿಸುತ್ತದೆ. ನಮ್ಮವರು ಬಂದದ್ದು ಬಹಳ ತಡವಾಗಿ. ದಕ್ಷಿಣ ಏಷ್ಯಾದವರ ಕಪ್ಪಾ ಫೈ ಗಾಮಾ 1998ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಸಿಗ್ಮಾ ಸಿಗ್ಮಾ ರೋ.

ನಾನು ಇಂಥ ದೇಸಿ ಸೊರೊರಿಟಿಯೊಂದರಲ್ಲಿ ಇದ್ದವಳು, ಅದರ ಹೆಸರು ಹೇಳುವುದಿಲ್ಲ. ಅಲ್ಲಿ ಹಣೆಪಟ್ಟಿ ಇಲ್ಲವೆಂದು ಯಾರೂ ಭಾವಿಸಬಾರದು. ಬಿಳಿಯರ ಮನೆಯಲ್ಲಿ ನಮಗೆಲ್ಲ ಒಂದೇ ಹಣೆಪಟ್ಟಿಯಾದರೆ ಇಲ್ಲಿ ಹತ್ತು. ಕಾಲೇಜಿನ ಭಾಂಗ್ರಾ ಅಥವಾ ಬಾಲಿವುಡ್ ನೃತ್ಯ ತಂಡದಲ್ಲಿದ್ದವಳಿಗೆ ಎಲ್ಲರ ಪರಿಚಯವಿರುತ್ತದೆ, ಅವಳೇ ಜನಪ್ರಿಯೆ. ಭಾರತದಿಂದ ನೇರವಾಗಿ ಬಂದು ಓದುತ್ತಿರುವವಳ ಉಚ್ಚಾರ ಕೇಳಿ ‘ಅತಿ ದೇಸಿ’ ಎಂದು ನಗುತ್ತಾರೆ. ಹೈಸ್ಕೂಲಿನಲ್ಲಿ ಬಿಳಿಯ ಗೆಳತಿಯರೇ ಹೆಚ್ಚಿದ್ದವಳನ್ನು ‘ಸಾಕಷ್ಟು ದೇಸಿ ಅಲ್ಲ’ ಎನ್ನುತ್ತಾರೆ. ಮನೆಯಲ್ಲಿ ಕನ್ನಡ ಮಾತಾಡುತ್ತೇನೆ ಎಂದಾಗ ನನ್ನನ್ನು ತೆಲುಗಿನವರ ಗುಂಪಿಗೆ ಸೇರಿಸಿ ಕೂರಿಸಿದ್ದರು. ಅಷ್ಟೆಲ್ಲ ಇದ್ದರೂ ಹೊಸಬಳ ಮೈಬಣ್ಣದ ಬಗ್ಗೆ ಅಥವಾ ಅವಳು ಮಾಂಸ ತಿನ್ನದಿರುವುದರ ಬಗ್ಗೆ ಅಲ್ಲಿ ಯಾರೂ ಮಾತೆತ್ತಲಿಲ್ಲ, ನಾವು ಒಟ್ಟು ಇಪ್ಪತ್ತು ಜನರಷ್ಟೇ ಇದ್ದುದರಿಂದ ಒಬ್ಬೊಬ್ಬರೊಂದಿಗೂ ವಾರಗಟ್ಟಲೆ ಮಾತನಾಡಲು ಸಮಯವಿತ್ತು. ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಆ ಸಮಯದ್ದೇ.

ತುಂಗಾತೀರ

ಎಲ್ಲರ ಉತ್ತರಗಳನ್ನೂ ಮಗಳಿಗೆ ಓದಿ ಹೇಳಿದೆ. ಡಿಪಾವ್ ಕತೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಮ್ಮ, ಅದು 2006, ಈಗ ಹಾಗೆಲ್ಲ ಮಾಡಿದರೆ ಅರ್ಧ ಗಂಟೆಯಲ್ಲಿ ವಿಡಿಯೊ ಬರುತ್ತದೆ’ ಎಂದಳು. ಅದೂ ಸರಿಯೇ ಇರಬಹುದು. ಆದರೆ ಅವಳು ಈಗ ಹೇಳುತ್ತಿರುವುದು ನನಗೆ ಇನ್ನೂ ಕಷ್ಟವಾಗಿದೆ: ಇಂಥ ಎರಡು ಮನೆ ಸಿಕ್ಕರೆ ಸರಿ, ಸಿಗದಿದ್ದರೆ ನಡುವಿನಲ್ಲೇ ಬಿಟ್ಟುಬಿಡುತ್ತೇನೆ. ಹೀಗೆ ಒಂದೆರಡು ಹೆಸರಿಗೇ ಅಂಟಿಕೊಳ್ಳುವುದು ಜಾಣತನವೇ?

ಲೆಕ್ಕಿಗ

ಈ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರೇ ಕೈಗೆತ್ತಿಕೊಂಡಿದ್ದಾರೆ. 1991ರಲ್ಲಿ ಸೂಸನ್ ಮೊಂಜೆಲ್ ಮತ್ತು ಆಲ್ವಿನ್ ರಾತ್ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಸೊರೊರಿಟಿ ರಷ್ ಕುರಿತು ಒಂದು ಲೇಖನ ಪ್ರಕಟಿಸಿದರು. ಎರಡೂ ಕಡೆಯವರು ಪರಸ್ಪರರನ್ನು ಕ್ರಮವಾಗಿ ಬರೆದುಕೊಟ್ಟು ಜೋಡಿಯಾಗುವ ಏರ್ಪಾಡುಗಳ ಅಧ್ಯಯನಕ್ಕಾಗಿಯೇ ರಾತ್ ಅವರಿಗೆ 2012ರಲ್ಲಿ ಲಾಯ್ಡ್ ಶಾಪ್ಲಿ ಅವರೊಂದಿಗೆ ನೊಬೆಲ್ ಬಂತು. ಕೊನೆಯ ಸುತ್ತಿನ ನಂತರ ಹುಡುಗಿಯರು ಹಲವು ಮನೆಗಳನ್ನು ಕ್ರಮವಾಗಿ ಬರೆಯಲು ಅವಕಾಶವಿದ್ದರೂ ಅವರಲ್ಲಿ ಬಹಳ ಜನ ಒಂದೇ ಹೆಸರು ಬರೆದು ಕೊಡುತ್ತಿದ್ದರು ಎಂಬುದು ಅವರಿಗೆ ಕಂಡ ಸಂಗತಿಗಳಲ್ಲಿ ಒಂದು.

ಇಂದಿನ ಕಟ್ಟಳೆಯಲ್ಲಿ ಅದಕ್ಕೆ ತೆರಬೇಕಾದ ಬೆಲೆ ಹೆಚ್ಚು. ಕೊನೆಯ ಸುತ್ತಿನಲ್ಲಿ ಕರೆದ ಮನೆಗಳಿಗೆಲ್ಲ ಹೋಗಿ, ಎಲ್ಲವನ್ನೂ ಪಟ್ಟಿಯಲ್ಲಿ ಬರೆದವಳಿಗೆ ಸಾಮಾನ್ಯವಾಗಿ ಒಂದು ಮನೆ ಸಿಗುವಂತೆ ವ್ಯವಸ್ಥೆ ಮಾಡುತ್ತಾರೆ. ಒಂದೇ ಹೆಸರು ಬರೆದವಳಿಗೆ ಆ ರಕ್ಷಣೆ ಇಲ್ಲ. ಇನ್ನೊಂದು ಬದಿಯೂ ಇದೆ: 18 ವರ್ಷದ ಹುಡುಗಿ ಸಹಿ ಹಾಕುವ ಆ ಕಾಗದ ಒಪ್ಪಂದವೇ ಆಗಿರುತ್ತದೆ. ತಾನು ಬರೆದ ಮನೆಯೊಂದು ಬಿಡ್ ಕೊಟ್ಟು ಅದನ್ನು ಅವಳು ನಿರಾಕರಿಸಿದರೆ, ಆ ಕ್ಯಾಂಪಸ್ಸಿನ ಬೇರೆ ಪ್ಯಾನ್‌ಹೆಲೆನಿಕ್ ಮನೆಗೆ ಮುಂದಿನ ವರ್ಷದ ರಷ್‌ವರೆಗೆ ಸೇರುವಂತಿಲ್ಲ. ಆದ್ದರಿಂದ ನಿಜವಾಗಿ ಬೇಡವಾದ ಮನೆಯನ್ನು ಬರೆಯಬಾರದು, ಹಣೆಪಟ್ಟಿಯ ಕಾರಣಕ್ಕೆ ಮಾತ್ರ ಬೇಡವೆನಿಸುವ ಮನೆಯನ್ನು ಬಿಡಲೂಬಾರದು. ಇವೆರಡನ್ನು ಬೇರ್ಪಡಿಸುವುದು ಆಗಸ್ಟ್‌ನ ಸೆಕೆಯಲ್ಲಿ, ಅತ್ತು ಊದಿದ ಕಣ್ಣುಗಳಲ್ಲಿ ಸುಲಭವಲ್ಲ. ಆ ಮಾತನ್ನು ಅವಳೊಂದಿಗೆ ಈಗಲೇ ಆಡಿ.

ಮೈಸೂರು ಮೇಷ್ಟ್ರು

ಒಂದು ಸಂದೇಹ. ಪರಿಚಯಕ್ಕೆ ಸಮಯವಿಲ್ಲದಿರುವುದೇ ಕಾರಣವಾದರೆ, ಮಕ್ಕಳು ಕಾಲೇಜಿಗೆ ಬಂದು ಕೆಲವು ತಿಂಗಳಾದ ಮೇಲೆ ಇದನ್ನು ನಡೆಸಬಾರದೇ?

ಪುಸ್ತಕದ ಕಪಾಟು

ನಡೆಸುವವರಿದ್ದಾರೆ, ಮೇಷ್ಟ್ರೇ. ಟೆನೆಸ್ಸಿಯ ವಾಂಡರ್‌ಬಿಲ್ಟ್‌ನಲ್ಲಿ ರಷ್ ಎರಡನೆಯ ಸೆಮಿಸ್ಟರಿಗೆ. ಡಾರ್ಟ್‌ಮತ್‌ನಲ್ಲಿ ಎರಡನೆಯ ವರ್ಷಕ್ಕೆ. ಒಂದು ಸೆಮಿಸ್ಟರ್ ಒಟ್ಟಿಗೆ ಊಟ ಮಾಡಿ, ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರ ನಡುವೆ ಆಯ್ಕೆ ಹೆಚ್ಚು ತಿಳಿದು ನಡೆಯುತ್ತದೆ ಎಂಬುದು ಅದರ ಪರವಾದ ಮಾತು.

ಓಹಾಯೊ ಕನ್ನಡತಿ

ತಡವಾದ ರಷ್ ಇರುವ ಕಾಲೇಜಿನಲ್ಲಿ ನನ್ನ ತಂಗಿ ಓದಿದಳು. ಪರಿಚಯಕ್ಕೆ ಸಮಯ ಸಿಕ್ಕಿದ್ದು ನಿಜ, ಆದರೆ ಆ ನಾಲ್ಕು ತಿಂಗಳೂ ಅವಳಿಗೆ ರಷ್ ಆಗಿಬಿಟ್ಟಿತ್ತು: ಯಾರ ಜೊತೆ ಊಟಕ್ಕೆ ಕುಳಿತಳು, ಯಾವ ಪಾರ್ಟಿಯಲ್ಲಿ ಕಂಡಳು ಎಂಬುದನ್ನೆಲ್ಲ ಹಿರಿಯ ಸದಸ್ಯೆಯರು ಗಮನಿಸುತ್ತಿದ್ದರು. ಅವಳ ಸಹಪಾಠಿಗಳಲ್ಲಿ ಕೆಲವರು ಜನವರಿಯ ಹೊತ್ತಿಗೆ ತಮ್ಮ ದರ್ಜೆ ತಾವೇ ತಿಳಿದುಕೊಂಡು ಹೆಸರನ್ನೇ ಕೊಡಲಿಲ್ಲ. ಹಾಗೆ ಹೆಸರು ಕೊಡದವರು ಯಾವ ಲೆಕ್ಕದಲ್ಲೂ ಬರುವುದಿಲ್ಲ, ಅವರನ್ನು ಯಾರೂ ನಿರಾಕರಿಸಿದಂತೆಯೂ ಆಗುವುದಿಲ್ಲ.

ತುಂಗಾತೀರ ಅವರೇ, ಮುಖ್ಯ ರಷ್ ಮುಗಿದ ಮೇಲೂ ಸಂಖ್ಯೆ ತುಂಬದ ಮನೆಗಳು ಸೆಮಿಸ್ಟರ್ ಉದ್ದಕ್ಕೂ ಗದ್ದಲವಿಲ್ಲದೆ ಬಿಡ್ ಕೊಡುತ್ತಿರುತ್ತವೆ. ಬಾಗಿಲ ಹಾಡು, ಬಂಪ್ ಒಂದೂ ಅಲ್ಲಿರುವುದಿಲ್ಲ, ಕಾಫಿಗೆ ಕರೆದು ಒಂದು ಗಂಟೆ ಕುಳಿತು ಮಾತನಾಡುತ್ತಾರೆ. ನಮ್ಮ ಮನೆಗೆ ಹಾಗೆ ಬಂದವರಲ್ಲಿ ಇಬ್ಬರು ಇಂದಿಗೂ ನನ್ನ ಹತ್ತಿರದ ಗೆಳತಿಯರು. ಆಗಸ್ಟ್‌ನಲ್ಲಿ ಅವರಿಬ್ಬರೂ ನಮ್ಮ ಮನೆಗೆ ಬಂದಿದ್ದರಂತೆ, ನಾನು ಅವರಲ್ಲಿ ಒಬ್ಬಳೊಂದಿಗೆ ಮಾತನ್ನೂ ಆಡಿದ್ದೆನಂತೆ. ಅವಳ ಹೆಸರಿನ ಮುಂದೆ ನಾನು ಏನು ಬರೆದಿದ್ದೆ ಎಂದು ಅವಳು ಆಗಾಗ ಕೇಳುತ್ತಾಳೆ, ನಾನು ಹೇಳಿಲ್ಲ. ನಿಮ್ಮ ಮಗಳಿಗೆ ಆ ಎರಡು ಮನೆಗಳು ಸಿಗದಿದ್ದರೆ ವಾರದ ನಡುವೆ ಬಿಟ್ಟು ಬರುವ ಮೊದಲು ತನ್ನ ರಷ್ ಕೌನ್ಸೆಲರ್ ಬಳಿ ಈ ದಾರಿಯ ಬಗ್ಗೆ ಕೇಳಲಿ, ಮತ್ತು ಯಾವ ಮನೆಯೇ ಆಗಲಿ, ಸೆಮಿಸ್ಟರಿಗೆ ಶುಲ್ಕ ಎಷ್ಟು, ಮನೆಯಲ್ಲಿ ವಾಸ ಕಡ್ಡಾಯವೇ ಎಂಬುದನ್ನು ಸಹಿ ಹಾಕುವ ಮೊದಲು ಬರವಣಿಗೆಯಲ್ಲಿ ಪಡೆಯಲಿ.